ಇಂದು ರಾತ್ರಿ ಮನೆಯಲ್ಲಿ ಯಾವ ಸಿನಿಮಾ? ಜೊತೆಗೆ ಕೂರುವವರನ್ನು ನೋಡಿ ಆರಿಸಲು ಒಂಬತ್ತು ಕನ್ನಡ ಚಿತ್ರಗಳು

ಅತ್ತೆಯವರ ಮೊಣಕಾಲಿನ ಶಸ್ತ್ರಚಿಕಿತ್ಸೆ ಆದ ಮೇಲೆ ಎರಡು ತಿಂಗಳು ನಮ್ಮ ಸಂಜೆಗಳೆಲ್ಲ ಮನೆಯ ನಡುಕೋಣೆಯಲ್ಲೇ ಕಳೆದವು. ದಿವಾನದ ಮೇಲೆ ಕಾಲು ನೀಡಿಕೊಂಡು ಅತ್ತೆ, ಅವರ ಪಕ್ಕದಲ್ಲಿ ಎಂಟನೆಯ ತರಗತಿಯ ಮಗ, ಕುರ್ಚಿಯಲ್ಲಿ ನಮ್ಮ ಮನೆಯವರು, ನೆಲದ ಮೇಲೆ ಹುರುಳಿಕಾಯಿ ಬಿಡಿಸುತ್ತ ನಾನು. ಧಾರಾವಾಹಿಗಳು ಅತ್ತೆಗೆ ಬೇಸರ. ಹಾಗಾಗಿ ವಾರಕ್ಕೆ ಒಂದೋ ಎರಡೋ ಕನ್ನಡ ಸಿನಿಮಾ ನೋಡುವುದು ರೂಢಿಯಾಯಿತು. ಕೆಲವನ್ನು ನಾನು ಮೊದಲೇ ಚಿತ್ರಮಂದಿರದಲ್ಲಿ ನೋಡಿದ್ದೆ. ಆದರೆ ಮನೆಯಲ್ಲಿ ನೋಡುವುದೇ ಬೇರೆ ಅನುಭವ. ನಡುವೆ ಕುಕ್ಕರ್ ಕೂಗುತ್ತದೆ, ಹಾಲಿನವರು ಬೆಲ್ ಮಾಡುತ್ತಾರೆ, ಅತ್ತೆ ಮಾತ್ರೆ ನುಂಗುವ ಹೊತ್ತಾಗುತ್ತದೆ. ಇಷ್ಟೆಲ್ಲದರ ನಡುವೆಯೂ ಕೈಹಿಡಿದು ಕೂರಿಸುವ ಚಿತ್ರ ಯಾವುದು, ಕೂರಿಸದೇ ಹೋಗುವುದು ಯಾವುದು ಎಂಬುದು ಈಗ ಚೆನ್ನಾಗಿ ಗೊತ್ತಾಗಿದೆ.

ನಾನು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತಕ್ಕೆ ಎಷ್ಟು ಅಂಕ ಎಂದು ನೋಡಿ ಸಿನಿಮಾ ಆರಿಸಬೇಡಿ. ಆ ಸಿನಿಮಾ ಯಾವ ಕನ್ನಡ ಮಾತನಾಡುತ್ತದೆ, ಆ ಕನ್ನಡ ನಿಮ್ಮ ಮನೆಯಲ್ಲಿ ಯಾರ ಕಿವಿಗೆ ಹತ್ತಿರ ಎಂದು ನೋಡಿ. ನಾನು ನಾಗಮಂಗಲದ ಕಡೆಯವಳು. ಅತ್ತೆ ಪುತ್ತೂರಿನವರು, ಅವರ ಮನೆಮಾತು ತುಳು. ಮಗ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಒಂದೇ ಮನೆಯಲ್ಲಿ ಮೂರು ಬಗೆಯ ಕನ್ನಡ. ನಾವು ನೋಡಿದ ಯಾವ ಚಿತ್ರಕ್ಕೂ ಕನ್ನಡದಲ್ಲಿ ಸಬ್‌ಟೈಟಲ್ ಸಿಗಲಿಲ್ಲ, ಇದ್ದದ್ದೆಲ್ಲ ಇಂಗ್ಲಿಷಿನಲ್ಲಿ. ಅತ್ತೆಗೆ ಕಿವಿ ಸ್ವಲ್ಪ ಮಂದ, ಇಂಗ್ಲಿಷ್ ಬಾರದು. ಹೀಗಿರುವಾಗ ಮಾತಿನ ಲಯ ಪರಿಚಿತವಾಗಿದ್ದರೆ ಅರ್ಧ ಕೇಳಿಸಿದರೂ ಪೂರ್ತಿ ತಿಳಿಯುತ್ತದೆ. ಪರಿಚಿತವಲ್ಲದಿದ್ದರೆ ಧ್ವನಿ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ.

ಹಳ್ಳಿಯ ಕಥೆ ಬೇಕೆಂದರೆ: ತಿಥಿಯೋ, ಶಿವಮ್ಮನೋ?

ಎರಡರಲ್ಲೂ ವೃತ್ತಿಪರ ನಟರಿಲ್ಲ, ಊರಿನ ಜನರೇ ಪಾತ್ರಧಾರಿಗಳು. ಎರಡೂ ಹೊರದೇಶದ ಚಿತ್ರೋತ್ಸವಗಳಲ್ಲಿ ಗೆದ್ದು ಬಂದವು. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರೊಂದಿಗೆ ಸೇರಿ ಬರೆದ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ' 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಗೆದ್ದು, 2024ರ ಜೂನ್‌ನಲ್ಲಿ ಇಲ್ಲಿ ಬಿಡುಗಡೆಯಾಯಿತು. ಪ್ರಶಸ್ತಿ ಬಂದ ಚಿತ್ರವೆಂದರೆ ನಿದ್ದೆ ಬರಿಸುತ್ತದೆ ಎಂಬ ಹೆದರಿಕೆ ನಮ್ಮ ಮನೆಯಲ್ಲೂ ಇತ್ತು. ಎರಡರ ವಿಷಯದಲ್ಲೂ ಅದು ಸುಳ್ಳಾಯಿತು.

'ತಿಥಿ' ನನ್ನ ಊರಿನ ಸಿನಿಮಾ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಹಳ್ಳಿ, ನೂರೊಂದು ವರ್ಷದ ಸೆಂಚುರಿ ಗೌಡ, ಅವನ ಸಾವು, ಹನ್ನೊಂದನೆಯ ದಿನದ ತಿಥಿ. ಅಷ್ಟರೊಳಗೆ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅದಕ್ಕೆ ಅಡ್ಡಿಯೆಂದರೆ ಬದುಕಿರುವ ಅಪ್ಪ. ಆ ಅಪ್ಪನಿಗೋ ಜಮೀನು, ಮನೆ, ಪಹಣಿ ಯಾವುದೂ ಬೇಡ. ಬಿಳಿಗಡ್ಡ ಬಿಟ್ಟುಕೊಂಡು, ಜೇಬಿನಲ್ಲಿ ಬ್ರಾಂದಿ ಇಟ್ಟುಕೊಂಡು ಹೊಲದ ಬದುಗಳ ಮೇಲೆ ನಡೆಯುತ್ತಲೇ ಇರುತ್ತಾನೆ. ಎಲ್ಲಾದರೂ ಕೂತರೆ ಹುಲಿ-ಕುರಿ ಆಟ. ಪಹಣಿ ಬದಲಾಯಿಸಲು, ಪೌತಿ ಖಾತೆ ಮಾಡಿಸಲು ತಾಲ್ಲೂಕು ಕಚೇರಿ ಅಲೆದವರ ಮನೆಯಲ್ಲಿ ಈ ಕಥೆಯನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಗಡ್ಡಪ್ಪ ಕುರುಬರ ಬಿಡಾರದಲ್ಲಿ ಬೆಂಕಿಯ ಮುಂದೆ ಕೂತು ತನ್ನ ಹಿಂದಿನ ಬದುಕನ್ನು ಹೇಳುವ ದೃಶ್ಯವೊಂದಿದೆ. ಅಳುವಿಲ್ಲ, ಸ್ವರ ಏರಿಸುವುದಿಲ್ಲ, ಬೇರೆ ಯಾರದೋ ಕಥೆ ಹೇಳುವಂತೆ ಹೇಳುತ್ತಾನೆ. ಆಗ ನನ್ನ ಕೈಯಲ್ಲಿದ್ದ ಹುರುಳಿಕಾಯಿ ಕೈಯಲ್ಲೇ ಉಳಿಯಿತು. ನನ್ನ ಅಜ್ಜನೂ ತನ್ನ ಕಷ್ಟಗಳನ್ನು ಹೀಗೆಯೇ ಹೇಳುತ್ತಿದ್ದದ್ದು, ಎಲೆಗೆ ಸುಣ್ಣ ಹಚ್ಚುತ್ತ.

ಅತ್ತೆಗೆ ಮಾತ್ರ ಮೊದಲ ಅರ್ಧ ಗಂಟೆ ಏನೂ ದಕ್ಕಲಿಲ್ಲ. ಮಂಡ್ಯದ ಮಾತಿನ ಓಟವೇ ಬೇರೆ, ಕರಾವಳಿಯ ಕಿವಿಗೆ ಅದು ಜಾರಿಹೋಗುತ್ತದೆ. ನಾನು ಪಕ್ಕದಲ್ಲಿ ಕೂತು ಹೇಳುತ್ತ ಹೋದ ಮೇಲೆ ಹಿಡಿತ ಸಿಕ್ಕಿತು. ಇನ್ನೊಂದು ಎಚ್ಚರಿಕೆ: ಚಿತ್ರ ಶುರುವಾಗುವುದೇ ಸೆಂಚುರಿ ಗೌಡ ಹೋಗಿಬರುವವರನ್ನೆಲ್ಲ ಬೈಯುವುದರಿಂದ. ಆ ಬೈಗುಳ ಹಳ್ಳಿಯಲ್ಲಿ ನಿತ್ಯದ ಮಾತು ನಿಜ, ಆದರೆ ಮಕ್ಕಳನ್ನು ಕೂರಿಸಿಕೊಂಡು ಕೇಳುವುದು ಕಷ್ಟ. ಮಗನನ್ನು ಆ ದಿನ ಬೇರೆ ಕೋಣೆಯಲ್ಲಿ ಓದಲು ಕೂರಿಸಿದ್ದೆವು.

'ಶಿವಮ್ಮ' ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ನಲವತ್ತಾರು ವರ್ಷದ ಬಡ ಹೆಂಗಸು ಒಂದು ಪಾನೀಯದ ಪುಡಿ ಮಾರುವ ಸರಪಳಿ ವ್ಯಾಪಾರಕ್ಕೆ ಸೇರುತ್ತಾಳೆ. ತಾನೂ ಉದ್ಧಾರವಾಗುತ್ತೇನೆ, ಊರನ್ನೂ ಉದ್ಧಾರ ಮಾಡುತ್ತೇನೆ ಎಂಬ ನಂಬಿಕೆಯಲ್ಲಿ ಮಗಳ ಮದುವೆಯನ್ನೇ ಪಣಕ್ಕಿಡುತ್ತಾಳೆ. ಶರಣಮ್ಮ ಚಟ್ಟಿ ಎಂಬವರು ಈ ಪಾತ್ರ ಮಾಡಿದ್ದಾರೆ. ಅವರ ಮುಖದ ಹಟ ನೋಡಿದರೆ ನಟನೆ ಕಲಿಯದವರು ಎಂದು ನಂಬುವುದು ಕಷ್ಟ. ನನ್ನ ಚಿಕ್ಕಮ್ಮನ ಮಗಳು ಇಂಥದೇ ಒಂದು ಸರಪಳಿಗೆ ಸೇರಿ, ಸ್ವಸಹಾಯ ಸಂಘದಲ್ಲಿ ತೆಗೆದ ಸಾಲವನ್ನೆಲ್ಲ ಡಬ್ಬಿಗಳಿಗೆ ಸುರಿದಿದ್ದಳು. ಅವಳ ಅಟ್ಟದ ಮೇಲೆ ಇಂದಿಗೂ ಆ ಡಬ್ಬಿಗಳಿವೆ. ಅದಕ್ಕೇ ಶಿವಮ್ಮ ಪರಿಚಿತರ ಮನೆಯೊಳಗೆ ಹೋಗಿ ಮಾತು ಶುರು ಮಾಡಿದಾಗಲೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಚಿತ್ರ ಅವಳನ್ನು ದಡ್ಡಿ ಎನ್ನುವುದಿಲ್ಲ, ದೇವತೆ ಎಂದೂ ಮಾಡುವುದಿಲ್ಲ. ಆ ಸಮತೂಕವೇ ಅದರ ದೊಡ್ಡತನ.

ಕೊಪ್ಪಳದ ಮಾತು ನಮ್ಮ ಮನೆಯಲ್ಲಿ ಯಾರಿಗೂ ಮನೆಮಾತಲ್ಲ. ಪಕ್ಕದ ಮನೆಯ ಗದಗಿನ ಅಕ್ಕನನ್ನು ಕರೆದೆವು. ಅವರು ಬಂದು ಕೂತದ್ದೇ ತಡ, ನಾವು ಗಮನಿಸದ ಕಡೆಯೆಲ್ಲ ಅವರು ನಗುತ್ತಿದ್ದರು, ನಾವು ಸುಮ್ಮನಿದ್ದ ಕಡೆ ನಿಟ್ಟುಸಿರು ಬಿಡುತ್ತಿದ್ದರು. ಅವರಿಲ್ಲದಿದ್ದರೆ ಅರ್ಧ ಸಿನಿಮಾ ಕಳೆದುಕೊಳ್ಳುತ್ತಿದ್ದೆವು.

ಹಾಗಾದರೆ ಯಾವುದು? ಹಳೆ ಮೈಸೂರಿನ ಕಡೆಯವರು ಮನೆಯಲ್ಲಿದ್ದರೆ, ಸಾವನ್ನೂ ನಗುತ್ತ ನೋಡುವ ಮನಸ್ಸಿದ್ದರೆ 'ತಿಥಿ'. ಉತ್ತರ ಕರ್ನಾಟಕದವರಿದ್ದರೆ, ಅಥವಾ ಮನೆಯ ಹೆಂಗಸರೆಲ್ಲ ಒಟ್ಟಿಗೆ ಕೂತು ನೋಡಿ ಮಾತನಾಡಬೇಕೆಂದಿದ್ದರೆ 'ಶಿವಮ್ಮ'. ಒಂದನ್ನೇ ಆರಿಸು ಎಂದರೆ ನಾನು 'ತಿಥಿ'ಯ ಕಡೆ. ಅದು ನನ್ನ ಊರಿನ ಮಾತು ಎಂಬುದೂ ಅದಕ್ಕೊಂದು ಕಾರಣ, ಮುಚ್ಚಿಡುವುದಿಲ್ಲ.

ಮಕ್ಕಳ ಜೊತೆ: ರಾಮಣ್ಣ ರೈಯ ಶಾಲೆಯೋ, ಮುಸ್ತಾಫಾನೋ?

'ಸರಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' 2018ರದು. ರಿಷಬ್ ಶೆಟ್ಟಿ ನಿರ್ದೇಶನ, ವಾಸುಕಿ ವೈಭವ್ ಸಂಗೀತ, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ. ಕಾಸರಗೋಡಿನ ಕನ್ನಡ ಶಾಲೆಯೊಂದು ಮುಚ್ಚುವ ಸ್ಥಿತಿಗೆ ಬಂದಾಗ ಮಕ್ಕಳೇ ಅದನ್ನು ಉಳಿಸಲು ಹೊರಡುತ್ತಾರೆ. ಮೊದಲರ್ಧದ ತರಗತಿಯ ದೃಶ್ಯಗಳಲ್ಲಿ ಮಗ ದಿವಾನದಿಂದ ಕೆಳಗೆ ಬೀಳುವಷ್ಟು ನಕ್ಕ. ಅತ್ತೆಗೂ ಅದು ತಮ್ಮ ಊರಿನ ಕಡೆಯ ಮಾತು, ಒಂದು ಪದವೂ ತಪ್ಪಲಿಲ್ಲ. ದ್ವಿತೀಯಾರ್ಧದಲ್ಲಿ ಭಾಷಣ ಹೆಚ್ಚು, ನನಗೆ ಅಲ್ಲಿ ಸ್ವಲ್ಪ ಎಳೆದಂತಾಯಿತು. ಆದರೆ ಆ ಭಾಷಣವನ್ನು ಅನಂತ್ ನಾಗ್ ಅವರ ಬಾಯಲ್ಲಿ ಕೇಳಬಹುದು. ಚಿತ್ರ ಮುಗಿದ ಮೇಲೆ, ಕನ್ನಡ ಮಾತನಾಡುವ ಊರು ಕೇರಳದಲ್ಲಿ ಯಾಕಿದೆ ಎಂದು ಮಗ ಕೇಳಿದ. 1956ರ ರಾಜ್ಯ ಪುನರ್ವಿಂಗಡಣೆ, ಚಂದ್ರಗಿರಿ ನದಿ, ಕಯ್ಯಾರ ಕಿಞ್ಞಣ್ಣ ರೈಗಳ ಹೋರಾಟ ಎಲ್ಲವನ್ನೂ ಅತ್ತೆಯೇ ಹೇಳಿದರು. ಅವರ ತವರಿನ ಕೆಲವರು ಗಡಿಯ ಆ ಕಡೆಗೇ ಉಳಿದವರು. ಮಗ ಭೂಪಟ ತೆಗೆದು ಹುಡುಕತೊಡಗಿದ. ಸಿನಿಮಾಕ್ಕಿಂತ ಆ ಅರ್ಧ ಗಂಟೆಯೇ ನನಗೆ ಹೆಚ್ಚು ನೆನಪಿದೆ.

'ಡೇರ್‌ಡೆವಿಲ್ ಮುಸ್ತಾಫಾ' 2023ರದು, ಪೂರ್ಣಚಂದ್ರ ತೇಜಸ್ವಿಯವರ ಕಥೆ ಆಧರಿಸಿದ್ದು. ಶಶಾಂಕ್ ಸೋಗಾಲ್ ನಿರ್ದೇಶಿಸಿದ್ದಾರೆ, ತೇಜಸ್ವಿಯವರ ಓದುಗರೇ ಹಣ ಹಾಕಿದ್ದಾರೆ. ಅಬಚೂರಿನ ಕಾಲೇಜಿಗೆ ಜಮಾಲ್ ಅಬ್ದುಲ್ಲಾ ಮುಸ್ತಾಫಾ ಹುಸೇನ್ ಎಂಬ ಹುಡುಗ ಬಂದು ಸೇರುತ್ತಾನೆ. ಅವನನ್ನು ನೋಡುವ ಮುಂಚೆಯೇ ರಾಮಾನುಜ ಅಯ್ಯಂಗಾರಿಯ ಗುಂಪು ಅವನ ಬಗ್ಗೆ ಏನೇನೋ ಕಲ್ಪಿಸಿಕೊಂಡಿರುತ್ತದೆ. ಗೊತ್ತಿಲ್ಲದವರ ಬಗ್ಗೆ ಹುಡುಗರಲ್ಲಿ ಹೆದರಿಕೆ ಹೇಗೆ ಹುಟ್ಟುತ್ತದೆ, ಅದು ಹೇಗೆ ಕರಗುತ್ತದೆ ಎಂಬುದನ್ನು ಇಷ್ಟು ಹಗುರವಾಗಿ, ಇಷ್ಟು ಪ್ರೀತಿಯಿಂದ ಹೇಳಿದ ಕನ್ನಡ ಸಿನಿಮಾ ನನಗೆ ಬೇರೆ ಗೊತ್ತಿಲ್ಲ. ಕಾಮಿಕ್ಸ್ ಪುಸ್ತಕದ ಪುಟಗಳಂತೆ ಬರುವ ದೃಶ್ಯಗಳಿಗೆ ಮಗ ಮಾರುಹೋದ. ಮರುದಿನ ಶಾಲೆಯ ಗ್ರಂಥಾಲಯದಿಂದ 'ಅಬಚೂರಿನ ಪೋಸ್ಟಾಫೀಸು' ತಂದ.

ಹನ್ನೆರಡರೊಳಗಿನ ಮಕ್ಕಳಿಗೆ ರಾಮಣ್ಣ ರೈಯ ಶಾಲೆ. ಹದಿಮೂರು ದಾಟಿದವರಿಗೆ ಕಣ್ಣುಮುಚ್ಚಿ ಮುಸ್ತಾಫಾ.

ನಗಬೇಕು ಅಷ್ಟೇ ಎಂದರೆ: ಸು ಫ್ರಮ್ ಸೋ ಮತ್ತು ಒಂದು ಮೊಟ್ಟೆಯ ಕಥೆ

ಎರಡೂ ಕರಾವಳಿಯವು, ಎರಡರಲ್ಲೂ ರಾಜ್ ಬಿ. ಶೆಟ್ಟಿ ಇದ್ದಾರೆ. 2017ರ 'ಒಂದು ಮೊಟ್ಟೆಯ ಕಥೆ'ಯನ್ನು ಅವರೇ ಬರೆದು, ನಿರ್ದೇಶಿಸಿ, ನಾಯಕನಾಗಿ ನಟಿಸಿದರು. 2025ರ 'ಸು ಫ್ರಮ್ ಸೋ'ವನ್ನು ನಿರ್ಮಿಸಿ, ಗುರೂಜಿಯ ಪಾತ್ರ ಮಾಡಿದ್ದಾರೆ. ಅದರ ನಿರ್ದೇಶನ ಜೆ. ಪಿ. ತುಮಿನಾಡು ಅವರದು, ಅಶೋಕನ ಪಾತ್ರವೂ ಅವರದೇ.

'ಸು ಫ್ರಮ್ ಸೋ' ನೋಡಿದ ರಾತ್ರಿ ನಮ್ಮ ಮನೆ ತುಂಬಿತ್ತು. ಪುತ್ತೂರಿನಿಂದ ಭಾವನವರ ಸಂಸಾರ ಬಂದಿತ್ತು. ಅವಮಾನ ತಪ್ಪಿಸಿಕೊಳ್ಳಲು ಅಶೋಕ ಮೈಮೇಲೆ ಬಂದವನಂತೆ ನಟಿಸುತ್ತಾನೆ, ಊರಿಗೆ ಊರೇ ಅದನ್ನು ನಂಬಿಬಿಡುತ್ತದೆ. ಬಂದವಳು ಸೋಮೇಶ್ವರದ ಸುಲೋಚನ ಎಂದಾಗುತ್ತದೆ. ಶನೀಲ್ ಗೌತಮ್ ಮಾಡಿರುವ ರವಿಯಣ್ಣ ತೆರೆಯ ಮೇಲೆ ಬಂದಾಗಲೆಲ್ಲ ಅತ್ತೆ ತಮ್ಮ ಊರಿನ ಯಾರದೋ ಹೆಸರು ಹೇಳಿ ನಗುತ್ತಿದ್ದರು. ಕಾಲಿನ ನೋವು ಮರೆತು ಅವರು ನಕ್ಕದ್ದು ಆ ರಾತ್ರಿಯೇ. ಕೊನೆಯ ಭಾಗದಲ್ಲಿ ಸುಲೋಚನಳ ಮಗಳು ಬಂದ ಮೇಲೆ ಕಥೆ ಗಂಭೀರವಾಗುತ್ತದೆ. ಆ ತಿರುವು ಅವಸರದ್ದು ಎಂದು ನಮ್ಮ ಮನೆಯವರ ಅಭಿಪ್ರಾಯ. ನನಗೆ ಹಾಗೆನಿಸಲಿಲ್ಲ. ಊರೆಲ್ಲ ಭೂತವೆಂದು ಹೆದರಿದ ಹೆಂಗಸಿನ ನಿಜವಾದ ಬದುಕು ಏನಾಗಿತ್ತು ಎಂದು ಯಾರಾದರೂ ಕೇಳಲೇಬೇಕಿತ್ತು.

'ಮೊಟ್ಟೆ' ಸಣ್ಣ ದನಿಯ ಸಿನಿಮಾ. ಇಪ್ಪತ್ತೆಂಟರ ಕನ್ನಡ ಉಪನ್ಯಾಸಕ ಜನಾರ್ದನನ ಬೋಳುತಲೆ, ಹೆಣ್ಣು ಹುಡುಕುವ ಪಾಡು, ಹಿನ್ನೆಲೆಗೆ ಡಾ. ರಾಜ್‌ಕುಮಾರ್ ಹಾಡುಗಳು. ಮನೆಯಲ್ಲಿ ಮದುವೆಗೆ ಗಂಡು ನೋಡುತ್ತಿದ್ದರೆ, ಫೋಟೋ ನೋಡಿಯೇ ಬೇಡ ಎನ್ನುವವರಿದ್ದರೆ, ಅವರೊಂದಿಗೆ ಕೂತು ಇದನ್ನು ನೋಡಿ. ನಾಲ್ಕು ಜನ ಸೇರಿದ್ದರೆ 'ಸು ಫ್ರಮ್ ಸೋ', ಇಬ್ಬರೇ ಇದ್ದರೆ 'ಮೊಟ್ಟೆ'.

ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' (2021) ಇದೇ ಮಂಗಳೂರಿನದಾದರೂ ಈ ಸಾಲಿಗೆ ಸೇರುವುದಲ್ಲ. ಮಂಗಳಾದೇವಿ ಪರಿಸರದ ಹರಿ, ಶಿವ ಎಂಬ ಇಬ್ಬರು ಗೆಳೆಯರು, ರೌಡಿಗಳ ಲೋಕ. ಕೊಲೆ ಮಾಡಿ ಬಂದ ಶಿವ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕುವುದನ್ನು ನೋಡಿದರೆ ಬೆನ್ನುಹುರಿಯಲ್ಲಿ ಚಳಿ ಹುಟ್ಟುತ್ತದೆ. ಬಹಳ ಒಳ್ಳೆಯ ಸಿನಿಮಾ. ಆದರೆ ಮಕ್ಕಳು ಮಲಗಿದ ಮೇಲೆ ಮಾತ್ರ.

ಮನಸ್ಸು ತುಂಬಿಬರಬೇಕು ಎಂದರೆ: ಹೇಮಂತ್ ರಾವ್ ಅವರ ಎರಡು ಚಿತ್ರಗಳು

ಇಲ್ಲಿ ಆಯ್ಕೆ ಕಷ್ಟ, ಯಾಕೆಂದರೆ ಎರಡೂ ಒಬ್ಬರದೇ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಹೇಮಂತ್ ಎಂ. ರಾವ್ ಅವರ ಮೊದಲ ಚಿತ್ರ. 'ಸಪ್ತ ಸಾಗರದಾಚೆ ಎಲ್ಲೋ' 2023ರದು, ಕ್ಯಾಸೆಟ್ಟಿನ ಎರಡು ಬದಿಗಳಂತೆ ಸೈಡ್ ಎ, ಸೈಡ್ ಬಿ ಎಂದು ಎರಡು ಭಾಗಗಳಲ್ಲಿ ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಬಂತು. ಎರಡಕ್ಕೂ ರಕ್ಷಿತ್ ಶೆಟ್ಟಿ ನಾಯಕ, ಎರಡಕ್ಕೂ ಚರಣ್ ರಾಜ್ ಸಂಗೀತ. ಮಾತೂ ಬೆಂಗಳೂರಿನದು, ಯಾರ ಕಿವಿಗೂ ತೊಡಕಿಲ್ಲ.

'ಸಪ್ತ ಸಾಗರ' ಎಂಬ ಹೆಸರು ಕೇಳಿದ್ದೇ ತಡ ಅತ್ತೆ ಗೋಪಾಲಕೃಷ್ಣ ಅಡಿಗರ ಪದ್ಯವನ್ನು ಪೂರ್ತಿ ಹೇಳಿದರು, ಯಾವ ಮೋಹನ ಮುರಲಿ ಎಂಬಲ್ಲಿಂದ ಕೊನೆಯವರೆಗೆ. ಶಾಲೆಯಲ್ಲಿ ಕಂಠಪಾಠ ಮಾಡಿದ್ದಂತೆ. ಮನು ಶ್ರೀಮಂತರೊಬ್ಬರ ಮನೆಯ ಕಾರಿನ ಚಾಲಕ, ಪ್ರಿಯಾ ಹಾಡುಗಾರ್ತಿಯಾಗುವ ಕನಸು ಕಾಣುವ ಹುಡುಗಿ. ಸಮುದ್ರ ಕಾಣುವ ಮನೆ ಅವರ ಆಸೆ. ಆ ಆಸೆಗೆ ಬೇಕಾದ ಹಣಕ್ಕಾಗಿ ಮನು ಧಣಿಯ ಮಗನ ಅಪರಾಧವನ್ನು ತನ್ನ ಮೈಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ರುಕ್ಮಿಣಿ ವಸಂತ್ ಅವರ ಪ್ರಿಯಾಳನ್ನು ನೋಡಲೆಂದೇ ಸೈಡ್ ಎ ನೋಡಬಹುದು. ಜೈಲಿನ ಕಂಬಿಗಳ ಆಚೆ ನಿಂತು ಅವಳು ಹೇಳದೆ ಉಳಿಸಿಕೊಳ್ಳುವ ಮಾತುಗಳೇ ಹೆಚ್ಚು. ಈ ಚಿತ್ರಕ್ಕೆ ಕತ್ತಲೆ ಬೇಕು, ಮೌನ ಬೇಕು, ಟಿವಿಯ ಸ್ಪೀಕರಿಗಿಂತ ಒಳ್ಳೆಯ ಸ್ಪೀಕರ್ ಇದ್ದರೆ ಇನ್ನೂ ಒಳ್ಳೆಯದು. ಕುಕ್ಕರ್ ಕೂಗುವ ಹೊತ್ತಿನಲ್ಲಿ ಹಾಕಬೇಡಿ. ಸುಮಾರು 2 ಗಂಟೆ 20 ನಿಮಿಷ ಇದೆ, ಊಟ ಮುಗಿಸಿಯೇ ಕೂರಿ. ಸೈಡ್ ಬಿ ಅದೇ ರಾತ್ರಿ ಬೇಡ. ಹತ್ತು ವರ್ಷದ ನಂತರದ ಕಥೆ ಅದು, ನೋಡುವವರಿಗೂ ನಾಲ್ಕು ದಿನದ ಅಂತರ ಬೇಕು. ಅದರಲ್ಲಿ ಚೈತ್ರಾ ಆಚಾರ್ ಚೆನ್ನಾಗಿದ್ದಾರೆ, ಆದರೆ ಸೈಡ್ ಎ ಕಟ್ಟಿದ ಎತ್ತರಕ್ಕೆ ಅದು ಏರಲಿಲ್ಲ ಎಂದೇ ನನ್ನ ಭಾವನೆ.

ಮನೆಯ ಹಿರಿಯರೊಂದಿಗೆ ನೋಡುವುದಾದರೆ ಮಾತ್ರ ನನ್ನ ಆಯ್ಕೆ 'ಗೋಧಿ ಬಣ್ಣ'. ಮರೆವಿನ ಕಾಯಿಲೆಯ ವೆಂಕೋಬ ರಾವ್ ಆಗಿ ಅನಂತ್ ನಾಗ್. ತಂದೆಯನ್ನು ಹೊರಗೆ ಕರೆದುಕೊಂಡು ಹೋದ ಮಗ ಶಿವ ಅವರನ್ನು ಕಳೆದುಕೊಳ್ಳುತ್ತಾನೆ. ಹುಡುಕುತ್ತ ಹೋದಂತೆ ಅಪ್ಪ ಏನಾಗಿದ್ದರು ಎಂಬುದು ಅವನಿಗೆ ಗೊತ್ತಾಗುತ್ತ ಹೋಗುತ್ತದೆ. ಹೆಸರು ಬಂದದ್ದು ಪತ್ರಿಕೆಗಳಲ್ಲಿ ನಾವು ಓದದೆ ದಾಟಿಹೋಗುವ 'ಕಾಣೆಯಾಗಿದ್ದಾರೆ' ಪ್ರಕಟಣೆಯಿಂದ. ಒಬ್ಬ ಮನುಷ್ಯನನ್ನು ಮೈಬಣ್ಣ, ಮೈಕಟ್ಟು ಎಂದು ಎರಡು ಸಾಲಿಗೆ ಇಳಿಸಿದಾಗ ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂಬುದೇ ಈ ಚಿತ್ರ. ನಡುವೆ ಬರುವ ರೌಡಿಗಳ ಉಪಕಥೆ ಕೆಲವರಿಗೆ ಬೇಡವೆನಿಸಬಹುದು. ನನಗೆ ಅದರಲ್ಲಿ ಅಚ್ಯುತ್ ಕುಮಾರ್ ಇಷ್ಟವಾದರು. ಮನೆಯಲ್ಲಿ ಮರೆವಿನ ಕಾಯಿಲೆ ಇರುವವರಿದ್ದರೆ ಮೊದಲು ನೀವೊಬ್ಬರೇ ನೋಡಿ, ಆಮೇಲೆ ತೀರ್ಮಾನಿಸಿ. ಅತ್ತೆಯ ಅಣ್ಣ ಕೊನೆಯ ಮೂರು ವರ್ಷ ಯಾರನ್ನೂ ಗುರುತಿಸುತ್ತಿರಲಿಲ್ಲ. ಅದು ಗೊತ್ತಿದ್ದೇ ನಾನು ಅವರನ್ನು ಕೇಳಿದೆ, ಹಾಕಲೋ ಬೇಡವೋ ಎಂದು. ಹಾಕು ಎಂದರು.

ಚಿತ್ರ ಮುಗಿದ ಮೇಲೆ ಅವರು ಏನೂ ಮಾತನಾಡಲಿಲ್ಲ. ಮರುದಿನ ಬೆಳಿಗ್ಗೆ ಮೊಮ್ಮಗನನ್ನು ಕರೆದು, ನೋಟುಪುಸ್ತಕದಿಂದ ಒಂದು ಹಾಳೆ ಹರಿಸಿ, ತಾವು ಹೇಳಿದ್ದನ್ನು ಬರೆಯಲು ಹೇಳಿದರು. ಹೆಸರು, ಮನೆಯ ವಿಳಾಸ, ನಮ್ಮಿಬ್ಬರ ಫೋನ್ ನಂಬರ್, ತೆಗೆದುಕೊಳ್ಳುವ ಮಾತ್ರೆಗಳು. ಕೊನೆಯ ಸಾಲು: 'ಮಾತನಾಡುವ ಭಾಷೆ: ತುಳು, ಕನ್ನಡ. ನಿಧಾನವಾಗಿ ಮಾತನಾಡಿಸಿದರೆ ಉತ್ತರಿಸುತ್ತಾರೆ.' ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ, ಮಾವನವರ ಫೋಟೋದ ಹಿಂದೆ ಇಟ್ಟುಕೊಂಡರು.